ಬಿಸ್ಕತ್ ಡಬ್ಬಿ, 200 ಪ್ರತಿ: ನಮ್ಮ ಶಾಲೆಯ ವಾರ್ಷಿಕ ಸಂಚಿಕೆ ಮಾಡಿದ ಒಂಬತ್ತು ತಿಂಗಳು

ಎರಡು ವಾರದ ಹಿಂದೆ ನಮ್ಮ ಹೈಸ್ಕೂಲಿನ ಹತ್ತನೇ ತರಗತಿಯವರ ಬೀಳ್ಕೊಡುಗೆ ಆಯಿತು. 38 ಮಕ್ಕಳ ಕೈಗೆ 38 ಪುಸ್ತಕ ಕೊಟ್ಟೆವು. 64 ಪುಟ, ಬಣ್ಣದ ಮುಖಪುಟ, ನಡುವೆ ಎರಡು ಪಿನ್ನು. ಕಳೆದ ಜೂನ್‌ನಲ್ಲಿ ಈ ಕೆಲಸ ಶುರು ಮಾಡಿದಾಗ ಕೇಳೋಣ ಎಂದರೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಒಬ್ಬರು ಪ್ರೆಸ್ಸಿನ ವಿಷಯ ಹೇಳಿದರು, ಇನ್ನೊಬ್ಬರು ಜಾಹೀರಾತಿನದು. ಮಕ್ಕಳ ಕೈಯಲ್ಲಿ ಬರೆಸುವುದು ಹೇಗೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಮುಂದಿನ ಜೂನ್‌ನಲ್ಲಿ ಯಾರಾದರೂ ಶುರು ಮಾಡುವವರಿದ್ದರೆ ಅನುಕೂಲ ಆಗಲಿ ಎಂದು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಕನ್ನಡ ಕಲಿಸುತ್ತೇನೆ. ಊರು ಶಿರಸಿ ಕಡೆ. ಕೆಲಸ ಕುಮಟಾ ತಾಲೂಕಿನ ಕರಾವಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಶಿರಸಿಯಲ್ಲಿ ಹುಟ್ಟುವ ಹೊಳೆ ಅದು. ಎಲ್ಲೂ ಅಣೆಕಟ್ಟು ಇಲ್ಲದೆ ಇಲ್ಲಿ ತನಕ ಹರಿದು ಬರುತ್ತದೆ. ನಮ್ಮ ಮಕ್ಕಳ ಮನೆಗಳಲ್ಲಿ ಮೀನುಗಾರಿಕೆ ಇದೆ, ಗಜನಿ ಬೇಸಾಯ ಇದೆ, ಬೆಳಚು (ಹೊಳೆಯ ತಳದಲ್ಲಿ ಸಿಗುವ ಚಿಪ್ಪಿನ ಜೀವಿ) ಹೆಕ್ಕುವವರಿದ್ದಾರೆ, ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಹೋಗುವವರೂ ಇದ್ದಾರೆ. ಅರ್ಧದಷ್ಟು ಮಕ್ಕಳು ಮನೆಯಲ್ಲಿ ಮಾತಾಡುವುದು ಕೊಂಕಣಿ.

ಜೂನ್ ಎರಡನೇ ವಾರ ಪ್ರಾರ್ಥನೆ ಮುಗಿದ ಮೇಲೆ, ‘ಈ ವರ್ಷ ನಮ್ಮದೇ ಸಂಚಿಕೆ ತರೋಣ, ಎಲ್ಲರೂ ಒಂದೊಂದು ಲೇಖನ ಕೊಡಿ’ ಎಂದು ಹೇಳಿದೆ. ಅಲ್ಲೇ ತಪ್ಪಿದೆ. ಹದಿನೈದು ದಿನದಲ್ಲಿ 57 ಲೇಖನ ಬಂತು. ಪರಿಸರ ಸಂರಕ್ಷಣೆ ಹನ್ನೊಂದು. ಮೊಬೈಲಿನ ಒಳಿತು ಕೆಡುಕು ಒಂಬತ್ತು. ಸಮಯದ ಮಹತ್ವ ಆರು. ಎರಡು ಲೇಖನಗಳಂತೂ ಅಕ್ಷರ ಅಕ್ಷರಕ್ಕೂ ಒಂದೇ. ಇಬ್ಬರೂ ಒಂದೇ ಕಡೆಯಿಂದ ಇಳಿಸಿಕೊಂಡಿದ್ದರು. ಮನೆಯಲ್ಲಿ ಕುಳಿತು ಒಂದೊಂದೇ ಓದುತ್ತಾ ಹೋದ ಹಾಗೆ ಬೇಜಾರಾಯಿತು. ಮಕ್ಕಳ ಮೇಲಲ್ಲ. ಹೊಳೆ, ಕಡಲು, ಗದ್ದೆ ಎಲ್ಲ ಬಾಗಿಲಲ್ಲೇ ಇರುವ ಮಕ್ಕಳು ‘ಪರಿಸರವು ಮಾನವನಿಗೆ ಅತ್ಯಗತ್ಯವಾಗಿದೆ’ ಎಂದು ಬರೆಯುತ್ತಾರೆ ಎಂದರೆ ನಾವು ಇಷ್ಟು ವರ್ಷ ಏನು ಕಲಿಸಿದೆವು ಎನಿಸಿತು.

ಒಬ್ಬ ಹುಡುಗ ಮಾತ್ರ ಅರ್ಧ ಪುಟ ಕೊಟ್ಟಿದ್ದ. ಒಂಬತ್ತನೇ ತರಗತಿ, ಹಿಂದಿನ ಬೆಂಚು. ಅವನ ಅಜ್ಜ ಗಜನಿಯ ಜಂತ್ರಡಿ ನೋಡಿಕೊಳ್ಳುವವರು. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಹೊರಗಿನವರಿಗಾಗಿ ಹೇಳುತ್ತೇನೆ: ಗಜನಿ ಎಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಸುತ್ತ ಒಡ್ಡು ಕಟ್ಟಿರುತ್ತಾರೆ, ನೀರು ಬಿಡಲು ತಡೆಯಲು ಹಲಗೆಯ ಬಾಗಿಲು ಇರುತ್ತದೆ. ಅದೇ ಜಂತ್ರಡಿ. ಅಲ್ಲಿ ಬೆಳೆಯುವುದು ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ. ಹುಡುಗನ ಬರಹದಲ್ಲಿ ಸಾಲಿಗೆ ಮೂರು ತಪ್ಪು ಇತ್ತು. ಆದರೆ ಆ 57ರಲ್ಲಿ ನನಗೆ ಗೊತ್ತಿಲ್ಲದ ವಿಷಯ ಹೇಳಿದ ಬರಹ ಅದೊಂದೇ.

ಮರುದಿನ ಎಲ್ಲ ಲೇಖನ ವಾಪಸ್ ಕೊಟ್ಟೆ. ಹೊಸ ನಿಯಮ ಒಂದೇ ಒಂದು ಹೇಳಿದೆ: ಅಕ್ಕೋರಿಗೆ, ಅಂದರೆ ಟೀಚರಾದ ನನಗೆ, ಗೊತ್ತಿಲ್ಲದ್ದನ್ನು ಬರೆಯಿರಿ. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬಳು ಎದ್ದು, ‘ಬೆಳಚು ಎಲ್ಲಿ ಇರ್ತದೆ ಅಂತ ಕಾಲಲ್ಲೇ ಗೊತ್ತಾಗ್ತದೆ ಅಕ್ಕೋರೆ, ಅದು ಬರೀಬಹುದಾ?’ ಎಂದಳು. ನಮ್ಮ ಸಂಚಿಕೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ.

ನೀವು ಮಾಡುವುದಾದರೆ ‘ಲೇಖನ ಕೊಡಿ’ ಎಂದು ಹೇಳಲೇಬೇಡಿ. ಮಕ್ಕಳಿಗೆ ಲೇಖನ ಎಂದರೆ ದೊಡ್ಡವರ ಭಾಷೆಯಲ್ಲಿ ದೊಡ್ಡ ವಿಷಯ. ಬರೆಯುವ ಮೊದಲು ಒಂದು ಮಾದರಿ ತೋರಿಸಿ. ನಾನು ನಮ್ಮಮ್ಮ ತೊಡದೇವು (ಕಾದ ಮಡಕೆಯ ಮೇಲೆ ಮಾಡುವ ತೆಳು ಸಿಹಿತಿಂಡಿ) ಮಾಡುವುದನ್ನು ಒಂದು ಪುಟ ಬರೆದು ಬೋರ್ಡಿನ ಮೇಲೆ ಅಂಟಿಸಿದೆ. ಮಡಕೆ ಕಾದದ್ದು ಹೇಗೆ ಗೊತ್ತಾಗುತ್ತದೆ ಎನ್ನುವುದು ಎಲ್ಲಿ ಬಂದಿದೆ, ಅಮ್ಮನ ಮಾತು ಎಲ್ಲಿ ಬಂದಿದೆ ಎಂದು ಮಕ್ಕಳ ಕೈಯಲ್ಲೇ ಗೆರೆ ಹಾಕಿಸಿದೆ. ಒಳ್ಳೆಯ ಬರಹ ಹೇಗಿರುತ್ತದೆ ಎಂದು ಭಾಷಣ ಮಾಡುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡಿತು.

ಹತ್ತನೇ ತರಗತಿಯವರಿಂದ ಕೆಲಸ ಮಾಡಿಸಬಾರದು ಎಂದು ಹೆಡ್ ಮಾಸ್ತರು ಮೊದಲೇ ಹೇಳಿದ್ದರು. ಅವರ ಮಾತು ಸರಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆಗಳ ಸಾಲು. ಹಾಗಾಗಿ ಪುಸ್ತಕ ಹತ್ತನೆಯವರಿಗೆ, ದುಡಿಮೆ ಒಂಬತ್ತನೆಯವರದು ಎಂದು ಮಾಡಿದೆವು. ಇದರಿಂದ ಇನ್ನೊಂದು ಲಾಭವೂ ಆಯಿತು. ಒಂಬತ್ತರವರು ಮುಂದಿನ ವರ್ಷವೂ ಶಾಲೆಯಲ್ಲೇ ಇರುತ್ತಾರೆ, ಕಲಿತದ್ದನ್ನು ಎಂಟರಿಂದ ಬರುವವರಿಗೆ ಹೇಳಿಕೊಡುತ್ತಾರೆ.

ಜೂನ್, ಜುಲೈ ಇಲ್ಲಿ ಮಳೆಯ ತಿಂಗಳು. ರೆಡ್ ಅಲರ್ಟ್ ಬಂತೆಂದರೆ ರಜೆ. ವಾರಕ್ಕೆ ಮೂರು ದಿನ ಶಾಲೆ ನಡೆದರೆ ಪುಣ್ಯ. ಆದರೆ ಸಂದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಕರಾವಳಿಯಲ್ಲಿ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಪ್ಪಂದಿರು ಮನೆಯಲ್ಲಿರುತ್ತಾರೆ, ಬಲೆ ದುರಸ್ತಿ ಮಾಡುತ್ತಾ ಜಗಲಿಯಲ್ಲಿ ಕುಳಿತಿರುತ್ತಾರೆ. ಇದು ನನಗೆ ಹೊಳೆದದ್ದಲ್ಲ, ಒಬ್ಬ ಹುಡುಗಿ ಹೇಳಿಕೊಟ್ಟದ್ದು. ‘ಆಗಸ್ಟ್ ಆದ್ಮೇಲೆ ಅಪ್ಪ ಸಿಗೂದಿಲ್ಲ ಅಕ್ಕೋರೆ’ ಎಂದಳು. ಪಾಲಕರ ಸಹಿ ಬೇಕಾದ ಕಾಗದಗಳನ್ನೂ ಆಗಲೇ ಮುಗಿಸಿಕೊಳ್ಳಬೇಕಿತ್ತು. ನಾನು ಮುಗಿಸಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಮೊದಲ ಸಂದರ್ಶನಗಳೆಲ್ಲ ಎರಡೇ ನಿಮಿಷಕ್ಕೆ ಮುಗಿದು ಬಂದವು. ‘ಎಷ್ಟು ವರ್ಷದಿಂದ ಮೀನು ಹಿಡೀತೀರಿ? – 30. ಕಷ್ಟ ಇದೆಯಾ? – ಇದೆ.’ ಅಷ್ಟೇ. ತರಗತಿಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ ಪ್ರಶ್ನೆ ಕೇಳಿಸಿ ನೋಡಿದಾಗ ಕಾರಣ ಗೊತ್ತಾಯಿತು. ಉತ್ತರ ಬರುವ ಮೊದಲೇ ಮಕ್ಕಳು ಮುಂದಿನ ಪ್ರಶ್ನೆಗೆ ಹಾರುತ್ತಿದ್ದರು. ನೋಡುತ್ತಾ ಇದ್ದವಳಿಗೆ ನಾನೂ ಪಾಠ ಮಾಡುವಾಗ ಹೀಗೇ ಮಾಡುತ್ತೇನಲ್ಲ ಎನಿಸಿತು.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸಾಮಾನ್ಯವಾಗಿ ಬಾಯಿ ಬಿಡದವರೂ ಮಾತಾಡುತ್ತಾರೆ. ಬಿ.ಎಡ್. ಮಾಡುವಾಗ ಓದಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ಮಕ್ಕಳಿಗೆ ಹೇಳಿದೆ: ಪ್ರಶ್ನೆ ಕೇಳಿ, ಮನಸ್ಸಲ್ಲೇ ಐದರ ತನಕ ಎಣಿಸಿ, ಅಷ್ಟರೊಳಗೆ ಮಾತಾಡಿದವರು ಔಟ್. ಆಟದ ಹಾಗೆ ಒಂದು ವಾರ ಅಭ್ಯಾಸ ಮಾಡಿದರು. ತರಗತಿಯಲ್ಲಿ ನಾನೂ ಐದು ಎಣಿಸತೊಡಗಿದೆ. ಮೊದಲ ದಿನ ಆ ಮೌನ ತಡೆಯುವುದು ಕಷ್ಟವಾಯಿತು. ಮಳೆ ಹಂಚಿನ ಮೇಲೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಆದರೆ ಮೂರನೇ ವಾರದಲ್ಲಿ, ವರ್ಷವಿಡೀ ಬಾಯಿ ತೆರೆಯದ ಒಬ್ಬಳು ಕೈ ಎತ್ತಿದಳು. ಅವಳಿಗೆ ಕೊಂಕಣಿಯಿಂದ ಕನ್ನಡಕ್ಕೆ ಮಾತು ತರಲು ಆ ಐದು ಸೆಕೆಂಡು ಬೇಕಿತ್ತು. ಬೇರೆ ಭಾಷೆ ಮಾತಾಡುವ ಮನೆಗಳಿಂದ ಮಕ್ಕಳು ಬರುವ ಶಾಲೆಯಾದರೆ ಬೇರೆಲ್ಲ ಬಿಟ್ಟರೂ ಇದೊಂದನ್ನು ಮಾಡಿ. ಇದಕ್ಕೆ ಕಾಸು ಬೇಡ, ಅನುಮತಿಯೂ ಬೇಡ.

ಜುಲೈ ಕೊನೆಯಲ್ಲಿ ಬಂದ ಸಂದರ್ಶನಗಳು ಬೇರೆಯೇ ಆಗಿದ್ದವು. ‘ಕಷ್ಟ ಇದೆಯಾ’ ಎಂದು ಕೇಳಿ ಎಣಿಸುತ್ತಾ ಕುಳಿತ ಮಗಳಿಗೆ ಒಬ್ಬ ಅಪ್ಪ ತಾನು ಓದು ಬಿಟ್ಟ ದಿನದ ಕಥೆ ಹೇಳಿದ್ದರು. ಅವಳು ಅದನ್ನು ಬರೆದು ತಂದು ಕೊಟ್ಟು, ‘ಇದು ನಂಗೂ ಗೊತ್ತಿರ್ಲಿಲ್ಲ’ ಎಂದಳು.

ಈಗ ಡಬ್ಬಿಯ ವಿಷಯ. ಆಗಸ್ಟ್‌ನಿಂದ ಪ್ರತಿ ಶುಕ್ರವಾರ ಕೊನೆಯ ಅವಧಿಯಲ್ಲಿ ಹತ್ತು ನಿಮಿಷ ಒಂದು ಕೆಲಸ ಇಟ್ಟುಕೊಂಡೆವು. ಪುಸ್ತಕ ಮುಚ್ಚಬೇಕು. ಒಂದು ಸಣ್ಣ ಚೀಟಿಯಲ್ಲಿ ಈ ವಾರ ಕಲಿತ ಒಂದು ವಿಷಯ, ಶಾಲೆಯಲ್ಲಿ ನಡೆದ ಒಂದು ಸಂಗತಿ, ಯಾವುದನ್ನೂ ನೋಡದೆ, ಯಾರನ್ನೂ ಕೇಳದೆ ಬರೆಯಬೇಕು. ತಾರೀಕು ಹಾಕಬೇಕು. ಮಡಚಿ ಸ್ಟಾಫ್ ರೂಮಿನ ಹಳೇ ಬಿಸ್ಕತ್ ಡಬ್ಬಿಗೆ ಹಾಕಬೇಕು.

ಇದನ್ನು ಶುರು ಮಾಡಿದ್ದು ಸಂಚಿಕೆಗಾಗಿ ಅಲ್ಲ, ಪಾಠಕ್ಕಾಗಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರಗೆ ತೆಗೆಯುವುದು ಕಲಿಕೆಯನ್ನು ಗಟ್ಟಿ ಮಾಡುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಚೆನ್ನಾದ ಉದಾಹರಣೆ. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಹಾಗಾಗಿಯೇ ಮಕ್ಕಳಿಗೆ ಮೋಸ ಆಗುವುದು. ಓದುವಾಗ ಎಲ್ಲ ಬಂದ ಹಾಗೇ ಅನಿಸುತ್ತದೆ, ಅಲ್ವಾ? ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಎಷ್ಟು ಬೇಗ ಜಾರಿ ಹೋಗುತ್ತದೆ ಎಂದು ತೋರಿಸಿದ್ದ.

ಮೊದಲ ಎರಡು ವಾರ ಚೀಟಿಗಳಲ್ಲಿ ‘ಏನೂ ನೆನಪಿಲ್ಲ’ ಎಂದೇ ಜಾಸ್ತಿ ಇತ್ತು. ಕೆಲವರಿಗೆ ಭಯ, ಇದಕ್ಕೂ ಅಂಕ ಇದೆಯಾ ಎಂದು. ಇಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಸೋಮವಾರ ಬೆಳಿಗ್ಗೆ ಡಬ್ಬಿಯಿಂದ ಮೂರು ಚೀಟಿ ತೆಗೆದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು, ಒಂದು ಯಾವುದಾದರೂ ಹಳೆಯದು, ಅದರ ಮೇಲೇ ಪ್ರಶ್ನೆ ಕೇಳುತ್ತಿದ್ದೆ. ಗಣಿತದ ಮಾಸ್ತರು ನೋಡಿ ಅವರೂ ಶುರು ಮಾಡಿದರು. ದೀಪಾವಳಿಯ ಹೊತ್ತಿಗೆ ‘ನೆನಪಿಲ್ಲ’ ಎನ್ನುವ ಚೀಟಿ ಅಪರೂಪವಾಯಿತು.

ಆ ಡಬ್ಬಿಯೇ ನಮ್ಮ ಸಂಚಿಕೆಯ ಬೆನ್ನುಮೂಳೆ ಆಗುತ್ತದೆ ಎಂದು ಹೊಳೆದದ್ದು ನವೆಂಬರಿನಲ್ಲಿ. ವರ್ಷದ ಘಟನೆಗಳನ್ನು ಬರೆಯಲು ಕುಳಿತಾಗ ನನಗೆ ನೆನಪಾದದ್ದು ಸ್ವಾತಂತ್ರ್ಯ ದಿನ, ಪ್ರತಿಭಾ ಕಾರಂಜಿ, ಕ್ರೀಡಾಕೂಟ. ಎಲ್ಲ ಶಾಲೆಯಲ್ಲೂ ಆಗುವಂಥದ್ದು. ಡಬ್ಬಿ ಸುರಿದು ನೋಡಿದರೆ ನಮ್ಮ ಶಾಲೆಯ ವರ್ಷ ಬೇರೆಯೇ ಇತ್ತು. ‘ಇವತ್ತು ಬಿಸಿಯೂಟದ ಅಕ್ಕ ಬರಲಿಲ್ಲ, ನಾವೇ ಬಡಿಸಿದೆವು.’ ‘ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು ಅಂತ ಕಲಿತೆ. ನಮ್ಮನೆ ಅದರೊಳಗೇ ಇದೆ.’ ‘ಮಳೆ ನಿಂತಾಗ ಎಲ್ಲರೂ ಒಟ್ಟಿಗೆ ಕಿಟಕಿ ನೋಡಿದೆವು.’ ಪ್ರತಿ ತಿಂಗಳಿಗೆ ಒಂದು ಪುಟ, ಪುಟದ ತುಂಬ ಚೀಟಿಗಳು ಎಂದು ಮಾಡಿದೆವು. ಕೆಲವನ್ನು ಮಕ್ಕಳ ಕೈಬರಹದಲ್ಲೇ ಸ್ಕ್ಯಾನ್ ಮಾಡಿ ಹಾಕಿದೆವು. ಪುಸ್ತಕ ತೆಗೆದವರು ಮೊದಲು ಓದಿದ್ದು ಅದನ್ನೇ.

ನಡುವೆ ಸೆಪ್ಟೆಂಬರ್ 22ರಿಂದ ಶಿಕ್ಷಕರೆಲ್ಲ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಹೋದೆವು. ಶಾಲೆಗಳ ರಜೆ ಅಕ್ಟೋಬರ್ 18ರ ತನಕ ಬೆಳೆಯಿತು. ಆ ಒಂದು ತಿಂಗಳು ಸಂಚಿಕೆ ಒಂದು ಇಂಚೂ ಮುಂದೆ ಹೋಗಲಿಲ್ಲ. ಇಂಥದ್ದು ಪ್ರತಿ ವರ್ಷ ಏನಾದರೂ ಇದ್ದೇ ಇರುತ್ತದೆ. ನಿಮ್ಮ ವೇಳಾಪಟ್ಟಿಯಲ್ಲಿ ಒಂದು ತಿಂಗಳು ಖಾಲಿ ಬಿಟ್ಟುಕೊಂಡೇ ಲೆಕ್ಕ ಹಾಕಿ.

ರಜೆ ಮುಗಿದ ಮೇಲೆ ತಿದ್ದುವ ಕೆಲಸ. ಇಲ್ಲೂ ನಾನು ಹಳೇ ದಾರಿಯಲ್ಲೇ ಹೊರಟಿದ್ದೆ. ಕೆಂಪು ಪೆನ್ನು, ಕೊನೆಯಲ್ಲಿ ಹತ್ತಕ್ಕೆ ಇಷ್ಟು. ಮಕ್ಕಳು ಅಂಕ ನೋಡಿ ಪುಟ ಮಡಚುತ್ತಿದ್ದರು. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಇದರ ಮೇಲೆ ಅಧ್ಯಯನ ಮಾಡಿದ್ದಾರೆ. ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕವೂ ಟಿಪ್ಪಣಿಯೂ ಒಟ್ಟಿಗೆ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲಿಲ್ಲ. ನಾನು ಅಂಕ ಬಿಟ್ಟೆ. ಮಕ್ಕಳು ಜೋಡಿ ಜೋಡಿಯಾಗಿ ಕುಳಿತು ಒಬ್ಬರದ್ದನ್ನು ಇನ್ನೊಬ್ಬರು ಓದಿ, ಅಂಚಿನಲ್ಲಿ ಎರಡೇ ವಾಕ್ಯ ಬರೆಯಬೇಕು: ಯಾವ ಸಾಲು ಕಣ್ಣಿಗೆ ಕಟ್ಟಿತು, ಎಲ್ಲಿ ಅರ್ಥವಾಗಲಿಲ್ಲ. ‘ಚೆನ್ನಾಗಿದೆ’ ಎಂದು ಬರೆಯುವ ಹಾಗಿಲ್ಲ. ಬೆಳಚಿನ ಲೇಖನದ ಅಂಚಿನಲ್ಲಿ ಅವಳ ಗೆಳತಿ, ‘ಕಾಲಿಗೆ ಹೇಗೆ ಗೊತ್ತಾಗುತ್ತದೆ? ಗಟ್ಟಿಯಾ, ಚೂಪಾ?’ ಎಂದು ಕೇಳಿದ್ದಳು. ಮುಂದಿನ ಕರಡಿನಲ್ಲಿ ಒಂದು ಪೂರ್ತಿ ಪ್ಯಾರಾ ಬಂತು. ನಾನು ಎಷ್ಟು ಕೆಂಪು ಗೆರೆ ಎಳೆದಿದ್ದರೂ ಅದು ಬರುತ್ತಿರಲಿಲ್ಲ. ಹೆಚ್ಚಿನವರು ಮೂರು ಕರಡು ಬರೆದರು. ಜಂತ್ರಡಿಯ ಹುಡುಗ ಐದು ಬರೆದ.

ಇನ್ನು ಕಾಗದ ಪತ್ರಗಳ ಸಂಕಟ. ಫೋಟೊ, ಹೆಸರು ಹಾಕುವ ಮೊದಲು ಪಾಲಕರ ಲಿಖಿತ ಒಪ್ಪಿಗೆ ಬೇಕು ಎಂದು ನಾವು ನಿರ್ಧರಿಸಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಕಾನೂನು ಇರಲಿ ಬಿಡಲಿ, ಕೇಳುವುದು ಮರ್ಯಾದೆ. ಒಂದು ಪುಟದ ಅರ್ಜಿ ಮಾಡಿದೆವು. ಫೋಟೊ ಹಾಕಬಹುದೇ, ಬರಹ ಹಾಕಬಹುದೇ, ಅಂತರ್ಜಾಲದಲ್ಲಿ ಹಾಕಬಹುದೇ ಎಂದು ಮೂರು ಪ್ರಶ್ನೆ ಬೇರೆ ಬೇರೆ. ಫೋನ್ ನಂಬರ್, ವಿಳಾಸ, ಹುಟ್ಟಿದ ದಿನ ಸಂಚಿಕೆಯಲ್ಲಿ ಎಲ್ಲೂ ಇಲ್ಲ. ಅಂತರ್ಜಾಲ ಬೇಡ ಎಂದವರು ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಪಿಡಿಎಫ್ ಹಂಚಲಿಲ್ಲ.

ಅರ್ಜಿ ಕೊಟ್ಟದ್ದು ನವೆಂಬರಿನಲ್ಲಿ, ಅಪ್ಪಂದಿರು ಕಡಲಲ್ಲಿ. ಒಂದು ಸಹಿಗೆ 12 ದಿನ ಕಾದೆವು. ನಾಲ್ಕು ಮನೆಯವರು ಹುಡುಗಿಯರ ಫೋಟೊ ಬೇಡ ಎಂದರು. ಅವರನ್ನು ಬಿಟ್ಟುಬಿಡುವ ಮಾತೇ ಇರಲಿಲ್ಲ. ಫೋಟೊದ ಜಾಗದಲ್ಲಿ ಅವರವರೇ ಆರಿಸಿದ ಒಂದು ವಸ್ತುವಿನ ಚಿತ್ರ ಬರೆಸಿದೆವು. ಒಬ್ಬಳು ತನ್ನ ಸೈಕಲ್ ಬರೆಸಿದಳು. ಅದನ್ನು ನೋಡಿ ಉಳಿದವರೂ ನಮಗೂ ಬೇಕು ಎಂದರು. ಕೊನೆಗೆ 38 ಮಕ್ಕಳಿಗೂ ಚಿತ್ರ ಬಂತು, ಫೋಟೊ ಒಪ್ಪಿದವರಿಗೆ ಫೋಟೊವೂ ಬಂತು. ಯಾರೂ ಬೇರೆಯಾಗಿ ಕಾಣಲಿಲ್ಲ.

ಫೋಟೊ ತೆಗೆಯುವಾಗ ಎರಡು ವಿಷಯ ನೆನಪಿಡಿ. ಕಡಲ ಕಡೆಯ ಬೆಳಕು ಜೋರು. ಬಿಳಿ ಸಮವಸ್ತ್ರ, ಬಿಳಿ ಗೋಡೆ, ಮಧ್ಯಾಹ್ನದ ಬಿಸಿಲು ಸೇರಿದರೆ ಮುಖ ಕಪ್ಪಾಗಿ ಬರುತ್ತದೆ. ನಾವು ಸಂಜೆ ನಾಲ್ಕಕ್ಕೆ, ಗೇರುಮರದ ನೆರಳಲ್ಲಿ ಮತ್ತೆ ತೆಗೆದೆವು. ಎರಡನೆಯದು, ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಗಾತ್ರ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಅಂದರೆ ನಾಲ್ಕು ಇಂಚು ಅಗಲದ ಚಿತ್ರಕ್ಕೆ 1200 ಪಿಕ್ಸೆಲ್.

ಅಕ್ಷರದ್ದು ಇದಕ್ಕಿಂತ ದೊಡ್ಡ ಗೋಳು. ನಾವು ಕೆಲವು ಬರಹಗಳನ್ನು ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದೆವು, ಅಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟು. ಉಳಿದವನ್ನು ಮಕ್ಕಳು ಫೋನಿನಲ್ಲಿ ಟೈಪ್ ಮಾಡಿದರು, ಅದು ಯೂನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ. ಎರಡನ್ನೂ ಒಂದೇ ಕಡತಕ್ಕೆ ತಂದಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲಾದವು. ಸೂರ್ಯ, ಕಾರ್ಯ, ವರ್ಷ ಒಂದೂ ಸರಿ ಇಲ್ಲ. ಲಕ್ಷ್ಮಿ ಎಂದು ಹೆಸರಿದ್ದವರ ಹೆಸರೆಲ್ಲ ಮುರಿದು ಬಿದ್ದಿತ್ತು. ಪರಿವರ್ತಕ ತಂತ್ರಾಂಶದಿಂದ ಮುಕ್ಕಾಲು ಪಾಲು ಸರಿಯಾಯಿತು, ಉಳಿದದ್ದು ಕೈಯಲ್ಲೇ ತಿದ್ದಿದ್ದು. ಎಂಟು ಸಂಜೆ ಹೋಯಿತು. ಮೊದಲ ದಿನವೇ ‘ಎಲ್ಲವೂ ಯೂನಿಕೋಡ್’ ಎಂದು ಹೇಳಿಬಿಡಿ. ಪುಟ ವಿನ್ಯಾಸ ಮಾಡುವವರನ್ನೂ ಮೊದಲೇ ಕೇಳಿ. ಇನ್‌ಡಿಸೈನ್ ಬಳಸುವವರಾದರೆ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕನ್ನಡದ ಒತ್ತುಗಳು ಕೂಡಿಕೊಳ್ಳುವುದೇ ಇಲ್ಲ.

ಕರಡು ತಿದ್ದಿದ್ದು ಒಂಬತ್ತನೆಯವರೇ. ಒಬ್ಬರು ಮೂಲ ಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು ಬರುವುದು. ಆಮೇಲೆ ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಹಿಂದೆ ಹಿಂದೆ ಓದುವುದು. ಹಾಗೆ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ಕಾಗುಣಿತ ಮಾತ್ರ ಕಾಣುತ್ತದೆ. ನಾಲ್ಕು ವಾರದಲ್ಲಿ ಅಲ್ಪಪ್ರಾಣ ಮಹಾಪ್ರಾಣದ ತಪ್ಪು, ಶಕಾರ ಷಕಾರದ ತಪ್ಪು ಅವರ ನೋಟ್‌ಬುಕ್ಕಿನಲ್ಲೂ ಕಡಿಮೆಯಾಯಿತು. ಇದಕ್ಕಾಗಿ ನಾನು ಬೇರೆ ಪಾಠ ಮಾಡಿರಲಿಲ್ಲ.

ಪುಟ ಜೋಡಿಸಿದಾಗ 61 ಆಯಿತು. ನಡುವೆ ಪಿನ್ ಹಾಕುವ ಪುಸ್ತಕಕ್ಕೆ ನಾಲ್ಕರಿಂದ ಭಾಗವಾಗುವ ಪುಟಸಂಖ್ಯೆಯೇ ಬೇಕು. ಒಂದು ಹಾಳೆ ಮಡಚಿದರೆ ನಾಲ್ಕು ಪುಟ, ಅಷ್ಟೇ ಲೆಕ್ಕ. ಉಳಿದ ಮೂರು ಪುಟಕ್ಕೆ ಏನಾದರೂ ತುರುಕುವ ಬದಲು ‘ಗೆಳೆಯರ ಕೈಬರಹಕ್ಕೆ’ ಎಂದು ಖಾಲಿ ಬಿಟ್ಟೆವು. ಬೀಳ್ಕೊಡುಗೆ ದಿನ ಮೊದಲು ತುಂಬಿದ್ದು ಆ ಮೂರು ಪುಟ.

ದುಡ್ಡಿನ ವಿಷಯ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಎಲ್ಲ ಪುಟ ಬಣ್ಣದಲ್ಲಿ ಎಂದರೆ 200 ಪ್ರತಿಗೆ 46,000 ರೂಪಾಯಿ ಹೇಳಿದರು. 16 ಪುಟ ಬಣ್ಣ, 48 ಕಪ್ಪು ಬಿಳುಪು, ಒಳಗೆ 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಎಂದು ಬದಲಾಯಿಸಿದಾಗ ಶಿರಸಿಯ ಒಂದು ಪ್ರೆಸ್ಸಿನಲ್ಲಿ 31,500ಕ್ಕೆ ಒಪ್ಪಿದರು. ಟೈಪಿಂಗ್ 2,400, ಕರಡು ಪ್ರತಿಗಳಿಗೆ 600, ಸಾಗಾಟ 850, ಕೊನೆಗಳಿಗೆಯ ಸ್ಟಿಕರ್ 320. ಒಟ್ಟು 35,670. ಬಂದದ್ದು: ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) 5,000, ಹಳೆ ವಿದ್ಯಾರ್ಥಿಗಳಿಂದ 12,000, ಒಂಬತ್ತು ಅಂಗಡಿಗಳ ಜಾಹೀರಾತಿಂದ 11,500. ಎಂಟು, ಒಂಬತ್ತನೆಯ ಮಕ್ಕಳಲ್ಲಿ ಬೇಕು ಎಂದ 76 ಜನ 50 ರೂಪಾಯಿಯಂತೆ ಕೊಟ್ಟದ್ದು 3,800. ಹತ್ತನೆಯವರಿಂದ ಒಂದು ಪೈಸೆಯೂ ಪಡೆಯಲಿಲ್ಲ. 3,370 ಕಡಿಮೆ ಬಿತ್ತು, ಮೂವರು ಶಿಕ್ಷಕರು ಹಂಚಿಕೊಂಡೆವು. ಹಿಂಬದಿ ರಕ್ಷಾಪುಟಕ್ಕೆ 5,000 ಕೊಡುತ್ತೇವೆ ಎಂದಿದ್ದ ಒಬ್ಬರು ಜನವರಿಯಲ್ಲಿ ಇಲ್ಲ ಎಂದರು. ಬಾಯಿಮಾತಿನ ಜಾಹೀರಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಕಾಸಿಗೂ ರಸೀದಿ ಹರಿಯಿರಿ.

ಬಣ್ಣದ ಪುಟಕ್ಕೆ ಮೊದಲು ಒಂದು ಮಾದರಿ ತೆಗೆಸಿ ನೋಡಿ. ಪರದೆಯ ಬೆಳಕಿನ ನೀಲಿ ಬೇರೆ, ಶಾಯಿಯ ನೀಲಿ ಬೇರೆ. ನಮ್ಮ ಕಡಲು ಮೊದಲ ಮಾದರಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಪ್ರೆಸ್ಸಿನವರು ಫೆಬ್ರವರಿ 5ಕ್ಕೆ ಕೊಡುತ್ತೇವೆ ಎಂದಿದ್ದರು. ಎರಡು ವರ್ಷಕ್ಕೊಮ್ಮೆ ಆಗುವ ಶಿರಸಿ ಮಾರಿಕಾಂಬಾ ಜಾತ್ರೆ ಈ ಸಲ ಫೆಬ್ರವರಿ ಕೊನೆಗೇ ಇತ್ತು. ಶಿರಸಿಯವಳಾಗಿ ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ಪೋಸ್ಟರು, ಕರಪತ್ರ, ಅದರ ಮೇಲೆ ಮದುವೆ ಕಾಗದಗಳ ರಾಶಿ. ನಮ್ಮ ಕೆಲಸ ಹಿಂದೆ ಬಿತ್ತು. ಹತ್ತನೇ ತಾರೀಕು ಫೋನ್ ಮಾಡಿದರೆ ಪ್ಲೇಟ್ ಆಗಿದೆ ಎಂದರು, ಹದಿನಾಲ್ಕಕ್ಕೆ ಬೈಂಡಿಂಗ್ ಎಂದರು. ಬೀಳ್ಕೊಡುಗೆ 21ಕ್ಕೆ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 19ರ ಸಂಜೆ ದೇವಿಮನೆ ಘಟ್ಟ ಇಳಿದು ಬಂದ ಬಸ್ಸಿನಲ್ಲಿ ಐದು ಕಟ್ಟು ಬಂತು. ನಿಲ್ದಾಣದಲ್ಲೇ ಒಂದು ಬಿಚ್ಚಿದೆ. ಶಾಯಿ ವಾಸನೆ ಇನ್ನೂ ಹೋಗಿರಲಿಲ್ಲ. ಕಣ್ಣು ತುಂಬಿ ಬಂತು.

ಮನೆಗೆ ಬಂದು ಪುಟ ತಿರುಗಿಸುವಾಗ ಹತ್ತನೇ ತರಗತಿಯ ಪುಟದಲ್ಲಿ ಕೈ ನಿಂತಿತು. ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದಾರೆ, ಇನಿಶಿಯಲ್ ಮಾತ್ರ ಬೇರೆ. ಅವರ ಫೋಟೊ ಅದಲು ಬದಲಾಗಿತ್ತು. ಕರಡನ್ನು ಏಳು ಜನ ನೋಡಿದ್ದೆವು. ಅಕ್ಷರ ಎಲ್ಲರೂ ನೋಡಿದರು, ಮುಖ ಯಾರೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಕುಮಟಾದಲ್ಲಿ ಸಣ್ಣ ಸ್ಟಿಕರ್ ಅಚ್ಚು ಹಾಕಿಸಿದೆ. ಮಧ್ಯಾಹ್ನ ಒಂಬತ್ತನೆಯವರು ಸಾಲಾಗಿ ಕುಳಿತು 200 ಪುಸ್ತಕಕ್ಕೂ ಸರಿ ಹೆಸರು ಅಂಟಿಸಿದರು. ನೀವು ಫೋಟೊ ಪುಟವನ್ನು ಆ ಮಕ್ಕಳಿಗೇ ತೋರಿಸಿ, ಅವರವರ ಹೆಸರಿನ ಪಕ್ಕ ಸಹಿ ಹಾಕಿಸಿಕೊಂಡೇ ಅಚ್ಚಿಗೆ ಕಳಿಸಿ. ದಾಖಲಾತಿ ರಿಜಿಸ್ಟರ್ ನೋಡಿದರೆ ಸಾಲದು.

21ರಂದು ಪುಸ್ತಕ ಕೊಟ್ಟೆವು. ಹತ್ತನೆಯವರು ತಮ್ಮ ತಮ್ಮ ಚೀಟಿ ಹುಡುಕಿ, ಒಬ್ಬರಿಗೊಬ್ಬರು ಓದಿ ಹೇಳಿ, ಕಾರ್ಯಕ್ರಮ ಮುಗಿದ ಮೇಲೂ ಒಂದು ಗಂಟೆ ಹೋಗಲಿಲ್ಲ.

ಸೋಮವಾರ ಜಂತ್ರಡಿಯ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಅಜ್ಜನಿಗೆ ಓದಿ ಹೇಳಿದೆನು ಎಂದ. ಅಜ್ಜ ಪೂರ್ತಿ ಕೇಳಿ, ‘ಹಲಗೆ ಯಾವಾಗ ಎತ್ತೂದು ಅಂತ ಹೇಳಲೇ ಇಲ್ವಲ್ಲ’ ಎಂದರಂತೆ. ತೆಗೆದು ನೋಡಿದೆ. ‘ಭರತ ಇಳಿತಕ್ಕೆ ತಕ್ಕಂತೆ ಹಲಗೆಗಳನ್ನು ಎತ್ತಿ ಹಾಕುತ್ತಾರೆ’ ಎಂದಿತ್ತು. ಅದು ಅವನ ವಾಕ್ಯ ಅಲ್ಲ, ನನ್ನದು. ಪುಟಕ್ಕೆ ಎರಡು ಸಾಲು ಜಾಸ್ತಿಯಾಗಿತ್ತೆಂದು ಕೊನೇ ಕರಡಿನಲ್ಲಿ ನಾನೇ ಕುಗ್ಗಿಸಿದ್ದೆ. ನನಗೆ ಗೊತ್ತಿಲ್ಲದ್ದನ್ನು ಬರೆ ಎಂದು ಹೇಳಿ, ಅವನು ಬರೆದ ಮೇಲೆ ಅದನ್ನೇ ತೆಗೆದಿದ್ದೆ. ಅವನಿಗೆ ಹಾಗೆಯೇ ಹೇಳಿದೆ, ತಪ್ಪು ನನ್ನದು ಎಂದು. ಅವನು ತಲೆ ಆಡಿಸಿ ಹೋದ.

ಶುಕ್ರವಾರ ಡಬ್ಬಿ ತೆಗೆದಾಗ ಅವನ ಚೀಟಿ ಮೇಲೇ ಇತ್ತು. ‘ಪುಟ 23. ನೀರು ಇಳಿಯುವಾಗ ಹಲಗೆ ಎತ್ತಬೇಕು. ಭರತ ಏರುವ ಮೊದಲು ಹಾಕಬೇಕು. ಮುಂದಿನ ವರ್ಷದ ಪುಸ್ತಕಕ್ಕೆ.’